ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್

ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್ ಎಂಬುದು ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆಯು ಪ್ರಕಟಿಸಿದ 12 ಸಂಚಿಕೆಗಳ ಚಿತ್ರಕಥಾ ಸರಣಿ. ಇದರ ಸಂಚಿಕೆಗಳ ಮುಖಪುಟದಲ್ಲಿ 1985ರ ಏಪ್ರಿಲ್‌ನಿಂದ 1986ರ ಮಾರ್ಚ್‌ವರೆಗಿನ ತಿಂಗಳುಗಳು ನಮೂದಾಗಿವೆ. ಕಥೆಯನ್ನು ಮಾರ್ವ್ ವುಲ್ಫ್‌ಮನ್ ಬರೆದರು. ಚಿತ್ರಗಳನ್ನು ಜಾರ್ಜ್ ಪೆರೆಜ್ ರಚಿಸಿದರು. ಶೀರ್ಷಿಕೆಯ ಅರ್ಥ 'ಅನಂತ ಭೂಮಿಗಳಿಗೆ ಒದಗಿದ ಬಿಕ್ಕಟ್ಟು'. ಬೇರೆ ಬೇರೆ ಪತ್ರಿಕೆಗಳಲ್ಲಿ ಪ್ರತ್ಯೇಕವಾಗಿ ನಡೆಯುತ್ತಿರುವ ಕಥೆಗಳ ನಾಯಕರು ಒಂದೇ ಮಹಾಘಟನೆಯಲ್ಲಿ ಕೂಡುವುದನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಆ ಪ್ರಕಾರದ ಆರಂಭದ ದೊಡ್ಡ ಕೃತಿಗಳಲ್ಲಿ ಇದೂ ಒಂದು.

ಹಿನ್ನೆಲೆ

1961ರಲ್ಲಿ 'ದ ಫ್ಲ್ಯಾಶ್' ಪತ್ರಿಕೆಯ 123ನೇ ಸಂಚಿಕೆಯಲ್ಲಿ ಲೇಖಕ ಗಾರ್ಡ್ನರ್ ಫಾಕ್ಸ್ ಹಾಗೂ ಚಿತ್ರಕಾರ ಕಾರ್ಮೈನ್ ಇನ್‌ಫ್ಯಾಂಟಿನೊ ಒಂದು ಹೊಸ ಕಲ್ಪನೆಯನ್ನು ತಂದರು. ಅಂದಿನ ಫ್ಲ್ಯಾಶ್ ಆದ ಬ್ಯಾರಿ ಅಲೆನ್, 1940ರ ದಶಕದ ಫ್ಲ್ಯಾಶ್ ಆಗಿದ್ದ ಜೇ ಗ್ಯಾರಿಕ್‌ನನ್ನು ಮತ್ತೊಂದು ಭೂಮಿಯಲ್ಲಿ ಭೇಟಿಯಾಗುತ್ತಾನೆ. ಹಳೆಯ ನಾಯಕರ ಲೋಕಕ್ಕೆ ಮುಂದೆ 'ಅರ್ಥ್-ಟೂ' ಎಂದೂ ಹೊಸಬರ ಲೋಕಕ್ಕೆ 'ಅರ್ಥ್-ಒನ್' ಎಂದೂ ಹೆಸರಾಯಿತು. ಕ್ರಮೇಣ ಇಂತಹ ಭೂಮಿಗಳ ಸಂಖ್ಯೆ ಬೆಳೆಯಿತು. ಒಂದೇ ಹೆಸರಿನ ನಾಯಕರು ಹಲವರಿರುವುದು ಹೊಸ ಓದುಗರಿಗೆ ಗೊಂದಲವೆಂದು ಭಾವಿಸಿ, ಬಹುವಿಶ್ವವನ್ನು ಒಂದೇ ವಿಶ್ವವಾಗಿಸಲು ಸಂಸ್ಥೆಯು ನಿರ್ಧರಿಸಿತು. ಸಂಸ್ಥೆಯ ಐವತ್ತನೆಯ ವರ್ಷದಲ್ಲಿ ಬಂದ ಈ ಸರಣಿಯ ಉದ್ದೇಶ ಅದೇ ಆಗಿತ್ತು.

ಕಥಾಸಾರ

ಪ್ರತಿದ್ರವ್ಯ ವಿಶ್ವದ ಒಡೆಯನಾದ ಆ್ಯಂಟಿ-ಮಾನಿಟರ್ ಒಂದೊಂದೇ ವಿಶ್ವವನ್ನು ನಾಶಮಾಡುತ್ತ ಬರುತ್ತಾನೆ. ಅವನ ಪ್ರತಿರೂಪವಾದ ಮಾನಿಟರ್ ನಾಯಕರನ್ನೂ ಖಳರನ್ನೂ ಒಟ್ಟುಗೂಡಿಸುತ್ತಾನೆ. 7ನೆಯ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನ ಪ್ರಾಣ ಉಳಿಸಲು ಹೋರಾಡಿ ಸೂಪರ್‌ಗರ್ಲ್ ಮರಣ ಹೊಂದುತ್ತಾಳೆ. 8ನೆಯದರಲ್ಲಿ ಶತ್ರುವಿನ ಪ್ರತಿದ್ರವ್ಯ ಯಂತ್ರವನ್ನು ಧ್ವಂಸಮಾಡುತ್ತ ಬ್ಯಾರಿ ಅಲೆನ್ ಅಳಿಯುತ್ತಾನೆ. ಕಾಲದ ಆದಿಯಲ್ಲಿ ನಡೆಯುವ ಯುದ್ಧದ ನಂತರ, 11ನೆಯ ಸಂಚಿಕೆಯಲ್ಲಿ ಒಂದೇ ಭೂಮಿ ಉಳಿದಿರುತ್ತದೆ. ಅರ್ಥ್-ಟೂನ ವೃದ್ಧ ಸೂಪರ್‌ಮ್ಯಾನ್, ತಾನು ಬದುಕಿದ್ದ ಲೋಕವೂ ತನ್ನ ಪತ್ನಿ ಲೋಯಿಸ್ ಕೂಡ ಆ ಚರಿತ್ರೆಯಲ್ಲಿ ಎಲ್ಲೂ ಇಲ್ಲವೆಂದು ಅರಿಯುತ್ತಾನೆ.

ಓದುವ ಕ್ರಮ

ಮೊದಲ ಬಾರಿಗೆ ಓದುವವರಿಗೆ 12 ಮುಖ್ಯ ಸಂಚಿಕೆಗಳೇ ಸಾಕು. ಅವು ಒಂದೇ ಸಂಪುಟವಾಗಿಯೂ ಪ್ರಕಟವಾಗಿವೆ. ಪಾತ್ರಗಳ ಸಂಖ್ಯೆ ಅಪಾರವಾದುದರಿಂದ ಎಲ್ಲರನ್ನೂ ಗುರುತಿಸಲು ಯತ್ನಿಸುವುದು ಅನಗತ್ಯ. ಮಾನಿಟರ್, ಅವನ ಸಹಾಯಕಿ ಹಾರ್ಬಿಂಜರ್, ವಿನಾಶಗಳನ್ನು ನೋಡುತ್ತಲೇ ಇರಬೇಕಾದ ಪರಾಯ, ಇಬ್ಬರು ಸೂಪರ್‌ಮ್ಯಾನರು – ಇಷ್ಟು ಮಂದಿಯನ್ನು ಹಿಂಬಾಲಿಸಿದರೆ ಕಥೆಯ ಎಳೆ ತಪ್ಪುವುದಿಲ್ಲ. ಬಹುವಿಶ್ವದ ಉಗಮದ ವಿವರಣೆ 7ನೆಯ ಸಂಚಿಕೆಯಲ್ಲಿಯೇ ದೊರೆಯುವುದರಿಂದ, ಅಲ್ಲಿಯವರೆಗೆ ಕೆಲವು ಪ್ರಶ್ನೆಗಳು ಉಳಿಯುವುದು ಸಹಜ.

ಇತರ ಪತ್ರಿಕೆಗಳಲ್ಲಿ ಬಂದ ಸಂಬಂಧಿತ ಸಂಚಿಕೆಗಳನ್ನು ಉಪಕಥೆಗಳೆಂದು ಭಾವಿಸಿ ಎರಡನೆಯ ಓದಿಗೆ ಇರಿಸಿಕೊಳ್ಳಬಹುದು. ಅವುಗಳಲ್ಲಿ ಎರಡು ಬಗೆ. ಅಲನ್ ಮೂರ್ ಬರೆದ 'ಸ್ವಾಂಪ್ ಥಿಂಗ್' 46ನೆಯ ಸಂಚಿಕೆ ಈ ಬಿಕ್ಕಟ್ಟನ್ನು ತನ್ನದೇ ಕಥೆಯೊಳಗೆ ಅರ್ಥಪೂರ್ಣವಾಗಿ ಬೆಸೆದುಕೊಂಡಿದೆ. ಇನ್ನು ಕೆಲವದರಲ್ಲಿ ಆಕಾಶ ಕೆಂಪಾಗುವುದರ ಹೊರತು ಬೇರೇನೂ ನಡೆಯುವುದಿಲ್ಲ. ಹೆಸರಿಗಷ್ಟೇ ಸಂಬಂಧವಿರುವ ಸಂಚಿಕೆಗಳನ್ನು 'ಕೆಂಪು ಆಕಾಶ'ದ ಸಂಚಿಕೆಗಳೆಂದು ಓದುಗರು ಕರೆಯುವುದು ಇದರಿಂದಲೇ ರೂಢಿಗೆ ಬಂತು. ಮುಖಪುಟದ ತಿಂಗಳು ಮಾರಾಟದ ತಿಂಗಳಿಗಿಂತ ಮುಂದಿನದಾಗಿರುತ್ತಿತ್ತು. ಆದ್ದರಿಂದ ತಿಂಗಳನ್ನಷ್ಟೇ ನೋಡದೆ ಕಥೆಯೊಳಗಿನ ಸುಳಿವುಗಳನ್ನೂ ಗಮನಿಸಿ ಉಪಕಥೆಗಳ ಸ್ಥಾನವನ್ನು ಗುರುತಿಸಬೇಕು. ಉದಾಹರಣೆಗೆ, 1985ರ ಅಕ್ಟೋಬರ್ ನಮೂದಿನ 'ದ ಫ್ಲ್ಯಾಶ್' ಪತ್ರಿಕೆಯ 350ನೆಯ ಹಾಗೂ ಕೊನೆಯ ಸಂಚಿಕೆಯನ್ನು ಮುಖ್ಯ ಸರಣಿಯ 8ನೆಯದಕ್ಕಿಂತ ಮೊದಲೇ ಓದುವುದು ಸೂಕ್ತ. ಬ್ಯಾರಿಗೆ ಅಲ್ಲಿ ದೊರೆತ ನೆಮ್ಮದಿಯನ್ನು ತಿಳಿದವರಿಗೆ ಇಲ್ಲಿನ ತ್ಯಾಗದ ಬೆಲೆ ತಿಳಿಯುತ್ತದೆ.

ಪರಿಣಾಮ

ಎರಡು ಮರಣಗಳ ಮುಂದಿನ ಗತಿಯನ್ನು ಹೋಲಿಸಿ ನೋಡಿದರೆ ಕೃತಿಯ ನಿಜವಾದ ಪರಿಣಾಮ ಸ್ಪಷ್ಟವಾಗುತ್ತದೆ. ಬ್ಯಾರಿಯ ಉಡುಪನ್ನು ಶಿಷ್ಯ ವಾಲಿ ವೆಸ್ಟ್ ಧರಿಸಿದನು. ಗುರುವಿನ ನೆನಪು ಮುಂದಿನ ಕಥೆಗಳಿಗೆ ಆಧಾರವಾಯಿತು. ಸೂಪರ್‌ಗರ್ಲ್‌ಗೆ ಆ ಭಾಗ್ಯ ಇರಲಿಲ್ಲ. 1986ರಲ್ಲಿ ಜಾನ್ ಬೈರ್ನ್ ರಚಿಸಿದ 'ದ ಮ್ಯಾನ್ ಆಫ್ ಸ್ಟೀಲ್' ಸೂಪರ್‌ಮ್ಯಾನ್‌ನ ಚರಿತ್ರೆಯನ್ನು ಹೊಸದಾಗಿ ಆರಂಭಿಸಿ, ಕ್ರಿಪ್ಟಾನ್ ಗ್ರಹದಿಂದ ಬದುಕುಳಿದವನು ಅವನೊಬ್ಬನೇ ಎಂದಿತು. ಹೀಗಾಗಿ 1959ರಿಂದ ಓದುಗರು ಬಲ್ಲ, 7ನೆಯ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಮ್ಯಾನ್ ಯಾರ ದೇಹವನ್ನು ಎತ್ತಿಕೊಂಡು ಅಳುತ್ತಿದ್ದನೋ ಆ ಸೋದರಿ, ಹೊಸ ಚರಿತ್ರೆಯಲ್ಲಿ ಹುಟ್ಟಿಯೇ ಇರಲಿಲ್ಲ. ಸರಣಿಯ ಕೊನೆಯ ಪುಟದಲ್ಲಿ ಹಳೆಯ ಲೋಕಗಳನ್ನು ನೆನೆಯುತ್ತ ಕುಳಿತಿರುವವನು ಸೈಕೊ-ಪೈರೇಟ್ ಎಂಬ ಖಳ. ಆ ಕಾರಣದಿಂದಲೇ ಅವನು ಹುಚ್ಚನೆನಿಸಿದ್ದಾನೆ. ಗೊಂದಲವನ್ನು ನಿವಾರಿಸಲು ತೆತ್ತ ಬೆಲೆಯನ್ನು ಕೃತಿಯೇ ಅಲ್ಲಿ ಒಪ್ಪಿಕೊಂಡಂತಿದೆ.

ಅಳಿಸಿದ್ದು ಶಾಶ್ವತವಾಗಿ ಅಳಿಯಲಿಲ್ಲ. 2004ರಲ್ಲಿ ಕಾರಾ ಜೋರ್-ಎಲ್ ಎಂಬ ಮೂಲ ಹೆಸರಿನ ಸೂಪರ್‌ಗರ್ಲ್ ಮರಳಿ ಬಂದಳು; 2008ರಲ್ಲಿ ಬ್ಯಾರಿ ಅಲೆನ್ ಕೂಡ. 2005-06ರ 'ಇನ್‌ಫಿನಿಟ್ ಕ್ರೈಸಿಸ್' ಇದೇ ಕಥೆಯ ಉತ್ತರಭಾಗವಾಗಿದ್ದು, ಮೂಲ ಸರಣಿಯ ನಂತರವೇ ಓದತಕ್ಕದ್ದು. 2019-20ರಲ್ಲಿ ಇದೇ ಶೀರ್ಷಿಕೆಯಡಿ ದೂರದರ್ಶನ ರೂಪಾಂತರವೂ ಪ್ರಸಾರವಾಯಿತು.