ಸೊಂಟ ನೋವು ಹೋಗದೇ ಇದ್ದರೆ? ಗುಂಪಾಗಿ ಕೂತು ಕಲಿತವರ ಕಥೆ

ಅಡಿಕೆ ಸುಲಿಯುವ ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಊರಿಗೆ ರಾತ್ರಿ ಹೋದರೂ ಒಂದೇ ನೋಟ. ಲೈಟಿನ ಕೆಳಗೆ ಮೆಟ್ಟುಗತ್ತಿಗಳ ಸಾಲು, ಮಾತು, ನಗು. ನಡುವೆ ಯಾರೋ ಒಬ್ಬರು ಸೊಂಟ ಹಿಡಿದುಕೊಂಡು ಏಳುತ್ತಾರೆ. ಕೇಳಿದರೆ "ಎಂತ ಮಾಡೂದು, ಇದ್ದದ್ದೇ" ಎನ್ನುತ್ತಾರೆ. ಮರುದಿನ ಪೇಟೆಯಿಂದ ನೋವಿನ ಮಾತ್ರೆ ಬರುತ್ತದೆ. ಹೀಗೆ ವರ್ಷಗಟ್ಟಲೆ ಮಾತ್ರೆ ನುಂಗಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಈ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿಗೂ ಪೆಟ್ಟು ಕೊಡಬಹುದು.

ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಅದು ಪೂರ್ತಿ ಹೋಗದೇ ಇದ್ದರೆ ಏನು ಮಾಡುವುದು? ಈ ಪ್ರಶ್ನೆ ನಮ್ಮ ಪಕ್ಕದಲ್ಲೇ ಒಮ್ಮೆ ಬಹಳ ದೊಡ್ಡದಾಗಿ ಎದ್ದಿತ್ತು.

ಸಿದ್ದಾಪುರದ ಗಡಿ ದಾಟಿದರೆ ಸಾಗರ ತಾಲೂಕು. ಅಲ್ಲಿನ ಹಂದಿಗೋಡು 1975ರ ಸುಮಾರಿಗೆ ಸುದ್ದಿಯಾಯಿತು. ಪರಿಶಿಷ್ಟ ಜಾತಿಯ ಕೂಲಿ ಕುಟುಂಬಗಳಲ್ಲಿ ಸೊಂಟದ ಕೀಲು ನೋಯಲು ಶುರುವಾಗಿ, ಕೆಲವರು ನೆಟ್ಟಗೆ ನಿಲ್ಲಲಾರದೆ ತೆವಳುವ ಸ್ಥಿತಿಗೆ ಬಂದಿದ್ದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಶಂಕೆ ಮೊದಲು ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1984ರಿಂದ 1988ರವರೆಗೆ ಅಧ್ಯಯನ ನಡೆಸಿತು. ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಮೂಳೆ-ಕೀಲಿನ ಕಾಯಿಲೆ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು. ಕಾಯಿಲೆಗೆ ಹೆಸರು ಸಿಕ್ಕಿತು, ಕಾರಣ ಸಿಕ್ಕಿತು. ಬುಡಸಮೇತ ವಾಸಿ ಮಾಡುವ ಮದ್ದು ಸಿಗಲಿಲ್ಲ. ನೋವಿದ್ದವರು ನಾಳೆ ಬೆಳಿಗ್ಗೆ ಎದ್ದು ದಿನ ಕಳೆಯುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಕೆಲವರು ಅದಕ್ಕೂ ಮೊದಲೇ ಎತ್ತಿಕೊಂಡಿದ್ದರು. ಜಾನ್ ಬೋನಿಕಾ ಅರಿವಳಿಕೆ ವೈದ್ಯ. ಕುಸ್ತಿಪಟುವೂ ಆಗಿದ್ದ ಅವರಿಗೆ ಸ್ವತಃ ಮೈತುಂಬ ನೋವು. ನೋವಿಗೆ ಒಬ್ಬ ವೈದ್ಯ ಸಾಲದು, ಹಲವರು ಸೇರಿ ನೋಡಬೇಕು ಎಂಬುದು ಅವರ ವಾದ. 1953ರಲ್ಲಿ ಈ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಸಿಯಾಟಲ್ ನಗರದಲ್ಲಿ ಅವರ ಜೊತೆಗಿದ್ದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಒಂದು ಸಂಗತಿ ಗಮನಿಸಿದರು. ಜನ ನೋವು ಬರುವವರೆಗೆ ದುಡಿಯುತ್ತಾರೆ, ಬಂದ ಮೇಲೆ ಮಲಗುತ್ತಾರೆ. ಕ್ರಮೇಣ ದುಡಿಯುವ ಹೊತ್ತು ಕಡಿಮೆಯಾಗಿ ಮಲಗುವ ಹೊತ್ತು ಹೆಚ್ಚುತ್ತದೆ. ಅವರು ಇದನ್ನು ತಿರುವಿದರು. ಇಂತಿಷ್ಟು ಹೆಜ್ಜೆ, ಇಂತಿಷ್ಟು ಕೆಲಸ ಎಂದು ಮೊದಲೇ ಗೊತ್ತುಮಾಡಿ, ಅಷ್ಟಾದ ಮೇಲೆ ವಿಶ್ರಾಂತಿ ಕೊಟ್ಟರು. ನಿಧಾನವಾಗಿ ಲೆಕ್ಕ ಏರಿಸಿದರು.

ಗುಂಪಿನ ಪಾಠ ದೊಡ್ಡದಾಗಿ ಬೆಳೆದದ್ದು 1970ರ ದಶಕದ ಕೊನೆಯಲ್ಲಿ, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ. ಕೇಟ್ ಲೋರಿಗ್ ಎಂಬ ನರ್ಸ್ ಸಂಧಿವಾತ ಇದ್ದವರಿಗೆ ಆರು ವಾರಗಳ ತರಗತಿ ರೂಪಿಸಿದರು. ವಾರಕ್ಕೊಮ್ಮೆ ಸುಮಾರು ಎರಡು ಗಂಟೆ. ಪಾಠ ಹೇಳುವವರು ತರಬೇತಿ ಪಡೆದ ಸಾಮಾನ್ಯ ಜನ, ಅವರಲ್ಲಿ ಅನೇಕರಿಗೆ ಅದೇ ಕಾಯಿಲೆ. ವ್ಯಾಯಾಮ, ಉಸಿರಾಟ, ನಿದ್ದೆ, ವೈದ್ಯರ ಬಳಿ ಮಾತಾಡುವ ಬಗೆ ಎಲ್ಲವೂ ಇತ್ತು. ಪ್ರತಿಯೊಬ್ಬರೂ ಮುಂದಿನ ವಾರಕ್ಕೆ ಒಂದು ಸಣ್ಣ ಗುರಿ ಹೇಳಬೇಕು, ಬಂದು ಏನಾಯಿತೆಂದು ತಿಳಿಸಬೇಕು.

ನಾಲ್ಕು ವರ್ಷಗಳ ನಂತರದ ಲೆಕ್ಕ 1993ರಲ್ಲಿ ಪ್ರಕಟವಾಯಿತು. ಕೀಲುಗಳ ಸಮಸ್ಯೆ ಬೆಳೆದು ಓಡಾಟದ ಕಷ್ಟ ಸ್ವಲ್ಪ ಹೆಚ್ಚೇ ಆಗಿತ್ತು. ಆದರೂ ನೋವು ಸರಾಸರಿ ಶೇ. 20ರಷ್ಟು, ವೈದ್ಯರ ಭೇಟಿ ಶೇ. 40ರಷ್ಟು ಇಳಿದಿತ್ತು. "ನನ್ನ ಕೈಲಿ ಆಗುತ್ತದೆ" ಎಂಬ ಧೈರ್ಯ ಇದಕ್ಕೆ ಮುಖ್ಯ ಕಾರಣ ಎಂದು ಲೋರಿಗ್ ಕಂಡುಕೊಂಡರು. ಕೆನಡಾದ ಸಾಂಡ್ರಾ ಲೆಫೋರ್ಟ್ 1990ರ ದಶಕದಲ್ಲಿ ಇದೇ ತರಗತಿಯನ್ನು ಎಲ್ಲ ಬಗೆಯ ದೀರ್ಘ ನೋವಿಗೂ ಹೊಂದಿಸಿದರು.

ಇದು ದೂರದ ದೇಶದ ಮಾತಾಯಿತು ಅನ್ನಬೇಡಿ. 1993ರಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ನೋವು ಮತ್ತು ಉಪಶಮನ ಚಿಕಿತ್ಸೆಯ ಕ್ಲಿನಿಕ್ ಶುರುವಾಯಿತು. ಅದು ಹೆಚ್ಚಾಗಿ ಕ್ಯಾನ್ಸರ್‌ನಂಥ ಕಾಯಿಲೆಗಳದ್ದು, ಆರು ವಾರದ ತರಗತಿಯಲ್ಲ. ಆದರೆ ನೆರೆಹೊರೆಯವರೇ ತರಬೇತಿ ಪಡೆದು ನೋವಿದ್ದವರ ಮನೆಗೆ ಹೋಗಬಹುದು ಎಂದು ಅಲ್ಲಿಂದ ಬೆಳೆದ ಕೆಲಸ ತೋರಿಸಿಕೊಟ್ಟಿತು.

ನಮ್ಮಲ್ಲಿ ವಾರ ವಾರ ಸೇರುವ ಸ್ವಸಹಾಯ ಸಂಘಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ನೋವಿಗೂ ಇಡಬಹುದು. ತಾಲೂಕು ಆಸ್ಪತ್ರೆಯ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಒಂದು ದಿನ ಕರೆಯಬಹುದು. ಒಂದು ಎಚ್ಚರ: ಕಾಲಿನ ಬಲ ಹೋದರೆ, ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಅಥವಾ ತೂಕ ಇಳಿದರೆ ಸಂಘಕ್ಕೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಈ ಸಲ ಸುಲಿಯಲು ಕೂತಾಗ ನಾವು ಒಂದು ಪ್ರಯೋಗ ಮಾಡುವವರಿದ್ದೇವೆ. ಸೊಂಟ ಹಿಡಿಯುವವರೆಗೆ ಕಾಯದೆ, ಅರ್ಧ ಗಂಟೆಗೊಮ್ಮೆ ಎಲ್ಲರೂ ಒಟ್ಟಿಗೆ ಎದ್ದು ಅಂಗಳ ಸುತ್ತಿ ಬರುವುದು. ಒಬ್ಬರೇ ಎದ್ದರೆ ಸೋಮಾರಿ ಅನ್ನುತ್ತಾರೆ. ಎಲ್ಲರೂ ಎದ್ದರೆ ಯಾರೂ ಏನೂ ಅನ್ನುವಂತಿಲ್ಲ.