ಮಾಂಟೆ ಟೆಸ್ಟಾಚ್ಚೊ

ರೋಮ್ ನಗರದಲ್ಲಿ, ಟೈಬರ್ ನದಿಯ ಪೂರ್ವ ದಂಡೆಗೆ ಹತ್ತಿರವಿರುವ ಕೃತಕ ಗುಡ್ಡ. ಎತ್ತರ ಸುಮಾರು 35 ಮೀಟರ್. ಗುಡ್ಡವೆಂದರೆ ಗುಡ್ಡವಲ್ಲ, ಪ್ರಾಚೀನ ರೋಮನ್ನರ ಕಾಲದ ಒಡೆದ ಮಣ್ಣಿನ ಜಾಡಿಗಳ ತಿಪ್ಪೆ. ಹೆಚ್ಚಿನವು ದಕ್ಷಿಣ ಸ್ಪೇನಿನ ಬೇಟಿಕಾ ಪ್ರಾಂತ್ಯದಿಂದ ಆಲಿವ್ ಎಣ್ಣೆ ಹೊತ್ತು ಬಂದವು. ಒಂದರಲ್ಲಿ ಸುಮಾರು 70 ಲೀಟರ್ ಎಣ್ಣೆ ಹಿಡಿಯುತ್ತಿತ್ತು. ಖಾಲಿ ಜಾಡಿಯೇ 30 ಕಿಲೋದಷ್ಟು ಭಾರ. ಎಣ್ಣೆ ಹೀರಿ ಕಮಟು ಹಿಡಿದ ಜಾಡಿ ಮರುಬಳಕೆಗೆ ಬಾರದು. ಹಾಗಾಗಿ ಒಡೆದು, ಹಂತಹಂತವಾಗಿ ಪೇರಿಸಿ, ನಾತ ತಡೆಯಲು ಸುಣ್ಣ ಎರಚುತ್ತಿದ್ದರು. ಚೂರುಗಳ ಮೇಲೆ ಕುಂಚದಿಂದ ಬರೆದ ತೂಕ, ವರ್ತಕನ ಹೆಸರು, ತಪಾಸಣೆಯ ಟಿಪ್ಪಣಿ, ರೋಮಿನ ಉನ್ನತ ಅಧಿಕಾರಿಗಳಾದ ಕಾನ್ಸಲ್‌ಗಳ ಹೆಸರಿನಿಂದ ಗುರುತಿಸಿದ ವರ್ಷ ಇನ್ನೂ ಉಳಿದಿವೆ. ಇವನ್ನು 1872ರಿಂದ ಓದಿ ವರ್ಗೀಕರಿಸಿದವನು ಜರ್ಮನ್ ವಿದ್ವಾಂಸ ಹೈನ್ರಿಕ್ ಡ್ರೆಸೆಲ್. ರೋಮಿನ ಎಣ್ಣೆ ಪೂರೈಕೆಯ ಬಗ್ಗೆ ವಿಜಯಸ್ತಂಭಗಳಿಗಿಂತ ಈ ಕಸವೇ ನಂಬಲರ್ಹ ಸಾಕ್ಷಿ. ಕ್ರಿ.ಶ. 3ನೇ ಶತಮಾನದಲ್ಲಿ ಇಲ್ಲಿ ಜಾಡಿ ಸುರಿಯುವುದು ನಿಂತಿತು.