ಅನುಮಾನದಿಂದ ನಿರ್ಣಯಕ್ಕೆ: ಪುಣೆಯೂ ಸೌರೇತರ ಗ್ರಹಗಳ ಶೋಧವೂ

ಪುಣೆಯ ಇತಿಹಾಸವನ್ನು ಬರೆದವರು ಪೇಶವೆಗಳ ರಾಜಕಾರಣವನ್ನೂ ಕಂಪನಿ ಸರಕಾರದ ದಂಡಿನ ಪಾಳೆಯವನ್ನೂ ಸಮಾಜಸುಧಾರಕರ ಚಳವಳಿಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಇದೇ ಊರಿನಲ್ಲಿ ೧೮೪೨ರಷ್ಟು ಹಿಂದೆಯೇ ಒಂದು ಖಾಸಗಿ ವೇಧಶಾಲೆಯಿದ್ದಿತೆಂಬುದಾಗಲಿ, ಅದನ್ನು ಸ್ಥಾಪಿಸಿದವನೇ ಮುಂದೆ ಸೂರ್ಯನಲ್ಲದ ಮತ್ತೊಂದು ನಕ್ಷತ್ರಕ್ಕೂ ಗ್ರಹವಿರಬೇಕೆಂದು ಅಳತೆಯ ಆಧಾರದ ಮೇಲೆ ವಾದಿಸಿದವರಲ್ಲಿ ಮೊದಲಿಗನೆಂಬುದಾಗಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವನ ವಾದವು ಪರೀಕ್ಷೆಯಲ್ಲಿ ನಿಲ್ಲಲಿಲ್ಲವೆಂಬುದೂ ಅಷ್ಟೇ ನಿಜ. ನಿಲ್ಲದ ವಾದಕ್ಕೆ ಇತಿಹಾಸದಲ್ಲಿ ಸ್ಥಾನವುಂಟೇ? ಉಂಟಾದರೆ ಅದು ಎಂತಹ ಸ್ಥಾನ? ಇವೇ ಇಲ್ಲಿ ವಿಚಾರಮಾಡಬೇಕಾದ ಪ್ರಶ್ನೆಗಳು.

'ಅನುಮಾನ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಶಾಸ್ತ್ರದಲ್ಲಿ ಅದೊಂದು ಪ್ರಮಾಣ. ಹೊಗೆಯನ್ನು ಕಂಡು ಬೆಟ್ಟದ ಮೇಲೆ ಬೆಂಕಿಯಿದೆಯೆಂದು ತಿಳಿಯುವ ಮಾರ್ಗ. ಆಡುಮಾತಿನಲ್ಲಾದರೋ ಅದು ಸಂಶಯ. ಕಂಡದ್ದು ಹೊಗೆಯಲ್ಲ, ಬರಿಯ ಮಂಜು ಎಂದಾದರೆ ಶಾಸ್ತ್ರದ ಅನುಮಾನವು ಆಡುಮಾತಿನ ಅನುಮಾನವಾಗಿ ಬಿಡುತ್ತದೆ. ಸೌರೇತರ ಗ್ರಹಗಳ, ಎಂದರೆ ಸೂರ್ಯನಲ್ಲದ ನಕ್ಷತ್ರಗಳನ್ನು ಸುತ್ತುವ ಗ್ರಹಗಳ, ಶೋಧದಲ್ಲಿಯೂ ಭೂಮಿಯಾಚೆಯ ಜೀವದ ಶೋಧದಲ್ಲಿಯೂ ಪುಣೆಗೆ ಸಂಬಂಧಿಸಿದ ಮೂರು ಪ್ರಸಂಗಗಳಿವೆ. ಮೂರೂ ಈ ಎರಡು ಅರ್ಥಗಳ ನಡುವಣ ಎಲ್ಲೆಯಲ್ಲಿ ನಡೆದಂಥವು.

೧

ವಿಲಿಯಂ ಸ್ಟೀಫನ್ ಜೇಕಬನು ೧೮೧೩ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದನು. ಕಂಪನಿಯ ಅಡಿಸ್ಕೂಂಬ್ ವಿದ್ಯಾಲಯದಲ್ಲಿ ಶಿಕ್ಷಣ ಪಡೆದು, ೧೮೩೧ರಲ್ಲಿ ಬೊಂಬಾಯಿಯ ಎಂಜಿನಿಯರುಗಳ ದಳವನ್ನು ಸೇರಿ, ಕೆಲವು ವರ್ಷ ಭೂಮಾಪನದ ಕಾರ್ಯದಲ್ಲಿದ್ದನು. ನೆಲವನ್ನು ಅಳೆಯುವ ಕೈ ಆಕಾಶವನ್ನು ಅಳೆಯುವುದಕ್ಕೂ ಪಳಗಿತು. ೧೮೪೨ರಲ್ಲಿ ಪುಣೆಯಲ್ಲಿ ಸ್ವಂತದ ವೇಧಶಾಲೆಯನ್ನು ಕಟ್ಟಿಕೊಂಡನು. ೧೮೪೫ರಿಂದ ೧೮೪೮ರವರೆಗೆ ಡಾಲಂಡ್ ಕಾರ್ಖಾನೆಯ ಐದಡಿಯ ದೂರದರ್ಶಕದಿಂದ ಅವನು ಇಲ್ಲಿ ಯಮಳ ನಕ್ಷತ್ರಗಳನ್ನು ಅಳೆದು, ೨೪೪ ಯಮಳಗಳ ಪಟ್ಟಿಯನ್ನು ಸಿದ್ಧಪಡಿಸಿದನು. ೧೮೪೮ರ ಡಿಸೆಂಬರಿನಲ್ಲಿ ಅವನನ್ನು ಮದರಾಸಿನ ವೇಧಶಾಲೆಯ ನಿರ್ದೇಶಕನನ್ನಾಗಿ ನೇಮಿಸಲಾಯಿತು. ಯಮಳಗಳನ್ನು ಅಳೆಯುವ ಅಭ್ಯಾಸವು ಪುಣೆಯಿಂದ ಅವನೊಡನೆ ಮದರಾಸಿಗೆ ಹೋಯಿತು.

ಯಮಳ ನಕ್ಷತ್ರವೆಂದರೆ ಒಂದನ್ನೊಂದು ಸುತ್ತುವ ಎರಡು ತಾರೆಗಳ ಜೋಡಿ. ಸರ್ಪಧರ ರಾಶಿಯ ೭೦ನೆಯ ತಾರೆ ಇಂತಹುದೊಂದು ಜೋಡಿಯೆಂಬುದನ್ನು ವಿಲಿಯಂ ಹರ್ಷಲನು ೧೭೭೯ರಲ್ಲಿ ಕಂಡನು. ನಮ್ಮಿಂದ ಸುಮಾರು ೧೭ ಜ್ಯೋತಿರ್ವರ್ಷ ದೂರದ ಈ ಜೋಡಿ ಸುಮಾರು ೮೮ ವರ್ಷಗಳಿಗೊಮ್ಮೆ ಒಂದು ಸುತ್ತನ್ನು ಮುಗಿಸುತ್ತದೆ. ಅವುಗಳ ನಡುವಣ ಕೋನಾಂತರವು ಎಂದಿಗೂ ೭ ವಿಕಲೆಗಳನ್ನು ಮೀರುವುದಿಲ್ಲ. ೨೫ ಮಿಲಿಮೀಟರು ಅಗಲದ ನಾಣ್ಯವನ್ನು ಐದು ಕಿಲೋಮೀಟರು ದೂರದಲ್ಲಿಟ್ಟು ನೋಡಿದರೆ ಅದು ಕಣ್ಣಿನಲ್ಲಿ ಮಾಡುವ ಕೋನವೇ ಸುಮಾರು ಒಂದು ವಿಕಲೆ. ಜೇಕಬನು ಹುಡುಕಿದ ವ್ಯತ್ಯಾಸಗಳು ಆ ಒಂದು ವಿಕಲೆಯ ಅಂಶಮಾತ್ರವಾಗಿದ್ದವು.

ಗಣಿತದಿಂದ ಬಂದ ಪಥಕ್ಕೂ ವೀಕ್ಷಣೆಯಲ್ಲಿ ಕಂಡ ಸ್ಥಾನಕ್ಕೂ ತಾಳೆಯಾಗಲಿಲ್ಲ. ೧೮೫೫ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಮಾಸಪತ್ರಿಕೆಯಲ್ಲಿ ಜೇಕಬನು ಈ ವೈಷಮ್ಯವನ್ನು ಚರ್ಚಿಸಿ, ಕಾಣದ ಗ್ರಹವೊಂದು ಈ ಜೋಡಿಗೆ ಸಂಬಂಧಿಸಿದಂತೆ ಇರುವುದು ಬಹಳ ಸಂಭವನೀಯವೆಂದು ಬರೆದನು. 'ಬಹಳ ಸಂಭವನೀಯ' ಎಂಬ ಮಾತನ್ನು ಗಮನಿಸಬೇಕು. ಕಂಡೆನೆಂದು ಅವನು ಹೇಳಲಿಲ್ಲ.

ಈ ತರ್ಕವು ಆ ಕಾಲಕ್ಕೆ ಹುಚ್ಚುಕಲ್ಪನೆಯಾಗಿರಲಿಲ್ಲ. ೧೮೪೪ರಲ್ಲಿ ಬೆಸೆಲನು ಲುಬ್ಧಕ ನಕ್ಷತ್ರದ ಓಲಾಟವನ್ನು ನೋಡಿ ಅದಕ್ಕೊಂದು ಕಾಣದ ಸಂಗಾತಿಯುಂಟೆಂದು ಹೇಳಿದ್ದನು. ೧೮೪೬ರಲ್ಲಿ ಯುರೇನಸಿನ ಚಲನೆಯ ವೈಷಮ್ಯದಿಂದಲೇ ನೆಪ್ಚೂನ್ ದೊರೆತಿದ್ದಿತು. ಕಾಣುವುದರ ನಡೆ ತಪ್ಪಿದಾಗ ಕಾಣದುದನ್ನು ಊಹಿಸುವ ಈ ಕ್ರಮವು ಎರಡು ಬಾರಿ ಫಲಕೊಟ್ಟುದಾಗಲಿ ಕೊಡುವಂತಿದ್ದುದಾಗಲಿ ವಿದ್ವಾಂಸರಿಗೆ ತಿಳಿದಿದ್ದಿತು. ಜೇಕಬನ ಹೊಸತನವೆಂದರೆ, ಆ ಕಾಣದ ವಸ್ತುವನ್ನು ಕಪ್ಪು ತಾರೆಯೆನ್ನದೆ ಗ್ರಹವೆಂದದ್ದು.

೨

ಆದರೆ ಒಂದು ದೋಷವಿದ್ದಿತು. ಹರ್ಷಲನು ಕಂಡ ೧೭೭೯ರಿಂದ ಜೇಕಬನು ಬರೆದ ೧೮೫೫ರವರೆಗೆ ಕಳೆದದ್ದು ೭೬ ವರ್ಷ. ಒಂದು ಸುತ್ತಿಗೆ ಬೇಕಾದುದು ೮೮. ಎಂದರೆ, ಮನುಷ್ಯರು ಆ ಜೋಡಿಯ ಒಂದು ಪೂರ್ಣ ಪ್ರದಕ್ಷಿಣೆಯನ್ನೂ ಆಗ ನೋಡಿರಲಿಲ್ಲ. ಪಥವೇ ಇನ್ನೂ ನಿಷ್ಕರ್ಷೆಯಾಗದಿರುವಾಗ ಪಥದಿಂದ ತಪ್ಪಿದುದೆಷ್ಟು ಎಂಬುದು ಹೇಗೆ ನಿಷ್ಕರ್ಷೆಯಾಗಬೇಕು? ಇದರ ಮೇಲೆ, ಬೇರೆ ಬೇರೆ ವೀಕ್ಷಕರು ಬೇರೆ ಬೇರೆ ಉಪಕರಣಗಳಿಂದ ಪಡೆದ ಅಳತೆಗಳಲ್ಲಿ ಒಬ್ಬೊಬ್ಬರ ಕಣ್ಣಿನ ದೋಷವೂ ಸೇರಿರುತ್ತದೆ. ಜಮಾಖರ್ಚಿನ ಲೆಕ್ಕದಲ್ಲಿ ತಾಳೆಯಾಗದ ಮೊತ್ತವೊಂದು ಉಳಿದಾಗ ಕಾಣದ ಕೈಯೊಂದು ಅದನ್ನು ಒಯ್ದಿರಬಹುದು, ನಮೂದಿನಲ್ಲಿಯೇ ತಪ್ಪಿರಲೂಬಹುದು. ಎಲ್ಲ ರುಜುವಾತುಗಳನ್ನೂ ಪರಿಶೀಲಿಸುವ ಮೊದಲು ಕಳ್ಳನ ಹೆಸರು ಹೇಳುವುದು ಸಾಧುವಲ್ಲ.

೧೮೯೬ರಲ್ಲಿ ಅಮೆರಿಕದ ಟಿ. ಜೆ. ಜೆ. ಸೀ ಎಂಬವನು ಅದೇ ಜೋಡಿಗೆ ೩೬ ವರ್ಷಗಳ ಅವಧಿಯ ಕಾಣದ ಸಂಗಾತಿಯೊಂದುಂಟೆಂದು ಇನ್ನೂ ದೃಢವಾಗಿ ಸಾರಿದನು. ೧೮೯೯ರಲ್ಲಿ ಫಾರೆಸ್ಟ್ ರೇ ಮೌಲ್ಟನನು ಅಂತಹ ಪಥದಲ್ಲಿ ಮೂರು ವಸ್ತುಗಳು ಸ್ಥಿರವಾಗಿ ನಿಲ್ಲಲಾರವೆಂದು ಗಣಿತದಿಂದ ತೋರಿಸಿದನು. ೧೯೪೩ರಲ್ಲಿ ರೈಲ್ ಮತ್ತು ಹೋಲ್ಮ್‌ಬರ್ಗ್ ಎಂಬವರು ಛಾಯಾಚಿತ್ರಗಳ ಅಳತೆಯಿಂದ ಮತ್ತೊಮ್ಮೆ ಇದೇ ಮಾತನ್ನು ಎತ್ತಿದರು, ಅದೂ ನಿಲ್ಲಲಿಲ್ಲ. ೨೦೦೬ರಲ್ಲಿ ಪ್ರಕಟವಾದ ಟೆಕ್ಸಾಸಿನ ಮ್ಯಾಕ್‌ಡೊನಾಲ್ಡ್ ವೇಧಶಾಲೆಯ ದೀರ್ಘಕಾಲದ ಮಾಪನಗಳಲ್ಲಿಯೂ ಅಲ್ಲಿ ಗ್ರಹದ ಸುಳಿವು ದೊರೆಯಲಿಲ್ಲ. ಒಂದು ತಾರೆಯ ವಿಷಯದಲ್ಲಿ ಒಂದೂವರೆ ಶತಮಾನ ನಡೆದ ಈ ವ್ಯವಹಾರದಲ್ಲಿ ಜೇಕಬನದು ಮೊದಲನೆಯ ಅರ್ಜಿ ಮಾತ್ರ.

ಜೇಕಬನ ಅಂತ್ಯಕ್ಕೆ ಪುಣೆಯೇ ಸಾಕ್ಷಿ. ಅನಾರೋಗ್ಯದ ದೆಸೆಯಿಂದ ೧೮೫೯ರಲ್ಲಿ ಮದರಾಸಿನ ಹುದ್ದೆಯನ್ನು ಬಿಟ್ಟ ಮೇಲೂ ಅವನು ಸುಮ್ಮನಿರಲಿಲ್ಲ. ಬಯಲಿನ ದಟ್ಟವಾದ ಗಾಳಿಯನ್ನು ಬಿಟ್ಟು ಎತ್ತರದಲ್ಲಿ ನಿಂತು ನೋಡಬೇಕೆಂಬುದು ಅವನ ಹಂಬಲ. ಪುಣೆಯ ಸಮೀಪದ ಗಿರಿಯೊಂದರ ಮೇಲೆ ವೇಧಶಾಲೆಯನ್ನು ನಡೆಸಲು ಬ್ರಿಟಿಷ್ ಪಾರ್ಲಿಮೆಂಟು ೧೮೬೨ರಲ್ಲಿ ಸಾವಿರ ಪೌಂಡುಗಳನ್ನು ಮಂಜೂರು ಮಾಡಿತು. ಆಗಸ್ಟ್ ೮ರಂದು ಅವನು ಬೊಂಬಾಯಿಯಲ್ಲಿ ಇಳಿದನು. ೧೬ರಂದು ಪುಣೆಯಲ್ಲಿ ತೀರಿಕೊಂಡನು. ಆಗ ಅವನಿಗೆ ೪೮ ವರ್ಷ. ಅದೇ ವರ್ಷದ ಜನವರಿ ೩೧ರಂದು ಅಮೆರಿಕದಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕನು ಲುಬ್ಧಕದ ಕಾಣದ ಸಂಗಾತಿಯನ್ನು ಕಣ್ಣಾರೆ ಕಂಡಿದ್ದನು. ಜೇಕಬನು ನಂಬಿದ್ದ ಮಾರ್ಗವು ನಿಜವೆಂದು ಸಿದ್ಧವಾದದ್ದೂ ಆ ಮಾರ್ಗದಲ್ಲಿ ನಡೆದವನು ಅಳಿದದ್ದೂ ಒಂದೇ ವರ್ಷದಲ್ಲಿ.

೩

ಅನಂತರ ಪುಣೆಯಲ್ಲಿ ೧೮೮೮ರಿಂದ ೧೯೧೨ರವರೆಗೆ ಕಾವಸ್‌ಜಿ ನೇಗಂವಾಲಾ ಅವರ ಹೊಣೆಯಲ್ಲಿ ಮಹಾರಾಜಾ ತಖ್ತಸಿಂಗ್‌ಜಿ ವೇಧಶಾಲೆ ನಡೆಯಿತು. ಅದು ಮುಚ್ಚಿದಾಗ ಅದರ ೨೦ ಅಂಗುಲದ ದೂರದರ್ಶಕವು ಕೋಡೈಕನಾಲಿಗೆ ಹೋಯಿತು. ಕೋಡೈಕನಾಲಿನ ವೇಧಶಾಲೆಯೇ ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಂಗವಾಯಿತು. ಪುಣೆಗೆ ಖಗೋಲವಿದ್ಯೆ ದೊಡ್ಡ ಪ್ರಮಾಣದಲ್ಲಿ ಮರಳಿದುದು ೧೯೮೮ರಲ್ಲಿ ಜಯಂತ ನಾರಳೀಕರರ ನಾಯಕತ್ವದಲ್ಲಿ ಅಂತರ ವಿಶ್ವವಿದ್ಯಾಲಯ ಕೇಂದ್ರವು ಹುಟ್ಟಿದಾಗ. ಮತ್ತು ಗೋವಿಂದ ಸ್ವರೂಪರು ನಾರಾಯಣಗಾಂವಿನ ಬಳಿಯ ಖೋಡದದಲ್ಲಿ, ೪೫ ಮೀಟರು ವ್ಯಾಸದ ೩೦ ತಟ್ಟೆಗಳ ಬೃಹತ್ ರೇಡಿಯೋ ದೂರದರ್ಶಕವನ್ನು ನಿರ್ಮಿಸಿದಾಗ.

ಇಷ್ಟರೊಳಗೆ ಸೌರೇತರ ಗ್ರಹಗಳು ಊಹೆಯಿಂದ ದಾಖಲೆಗೆ ಬಂದಿದ್ದವು. ೧೯೯೨ರಲ್ಲಿ ವೊಲ್ಶ್‌ಚಾನ್ ಮತ್ತು ಫ್ರೇಲ್ ಎಂಬವರು ಪಲ್ಸಾರ್ ಒಂದರ ಸುತ್ತ ಗ್ರಹಗಳನ್ನು ತೋರಿಸಿದರು. ೧೯೯೫ರಲ್ಲಿ ಮೇಯರ್ ಮತ್ತು ಕ್ಯೆಲೋ ಎಂಬವರು ಸೂರ್ಯನಂತಹ ತಾರೆಯ ಬೆಳಕಿನ ಅಲೆಯ ಏರಿಳಿತದಿಂದ, ನಾಲ್ಕು ದಿನಗಳಿಗೊಮ್ಮೆ ಅದನ್ನು ಸುತ್ತುವ ಗ್ರಹವನ್ನು ಗುರುತಿಸಿದರು. ತಾರೆಯ ಮುಂದೆ ಗ್ರಹ ಹಾದುಹೋಗುವಾಗ ಬೆಳಕು ಕುಂದುವುದನ್ನು ಅಳೆಯುವ ಕ್ರಮವೂ ಬೆಳೆಯಿತು. ೨೦೨೫ರ ಸೆಪ್ಟೆಂಬರಿನ ಹೊತ್ತಿಗೆ ದೃಢಪಟ್ಟ ಗ್ರಹಗಳ ಸಂಖ್ಯೆ ೬೦೦೦ವನ್ನು ಮುಟ್ಟಿತು.

ಎರಡನೆಯ ಪ್ರಸಂಗವು ಖೋಡದದ್ದು. ಹಂಸ ರಾಶಿಯ ಎಚ್‌ಎಟಿ-ಪಿ-೧೧ ಎಂಬ ತಾರೆಯನ್ನು ನೆಪ್ಚೂನಿನಷ್ಟು ತೂಕದ ಗ್ರಹವೊಂದು ಸುತ್ತುತ್ತದೆ. ೨೦೦೯ರ ಜುಲೈ ೧೬ರಂದು ೧೫೦ ಮೆಗಾಹರ್ಟ್ಸ್ ಅಲೆಯಲ್ಲಿ ಆ ದಿಕ್ಕಿನಿಂದ ಕ್ಷೀಣವಾದ ರೇಡಿಯೋ ದನಿಯೊಂದು ಬಂದಿತು. ಗ್ರಹವು ತಾರೆಯ ಹಿಂದೆ ಮರೆಯಾದಾಗ ಅದು ಅಡಗಿದಂತೆಯೂ ತೋರಿತು. ನಿಜವಾಗಿದ್ದರೆ, ಅನ್ಯಲೋಕವೊಂದರ ಕಾಂತಕ್ಷೇತ್ರದ ಮೊದಲ ವಾರ್ತೆ ಪುಣೆಯ ಬಳಿಯ ಹೊಲಗಳಲ್ಲಿ ಕೇಳಿಬಂದಂತಾಗುತ್ತಿತ್ತು. ೨೦೧೦ರ ನವೆಂಬರ್ ೧೭ರಂದು ಅದೇ ವೀಕ್ಷಣೆಯನ್ನು ಪುನಃ ಮಾಡಿದಾಗ ಏನೂ ಕೇಳಲಿಲ್ಲ. ಫ್ರಾನ್ಸಿನ ಲೆಕಾವ್ಲಿಯೇ ದೆ ಜೆತಾಂ ಮತ್ತು ಸಂಗಡಿಗರು ೨೦೧೩ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸುವಾಗ ಅದನ್ನು 'ಸುಳಿವು' ಎಂದಷ್ಟೇ ಕರೆದು, ಎರಡು ದಿನಗಳ ಫಲವನ್ನೂ ಒಟ್ಟಿಗೆ ಇಟ್ಟರು.

೪

ಮೂರನೆಯ ಪ್ರಸಂಗವು ಜೀವಕ್ಕೆ ಸಂಬಂಧಿಸಿದುದು. ಕನ್ನಡಿಗರಿಗೆ ಇದರಲ್ಲಿ ಹತ್ತಿರದ ನಂಟುಂಟು. ಬ್ರಹ್ಮಾಂಡದ ಜೀವಾಣುಗಳು ಧೂಮಕೇತುಗಳ ಧೂಳಿನೊಡನೆ ಭೂಮಿಗೆ ಇಳಿಯುತ್ತಿರಬಹುದೆಂಬುದು ಫ್ರೆಡ್ ಹಾಯ್ಲರ ಮತ. ಅದನ್ನು ಪರೀಕ್ಷಿಸಲು ನಾರಳೀಕರರ ಮುಂದಾಳುತನದಲ್ಲಿ ೨೦೦೧ರ ಜನವರಿಯಲ್ಲಿಯೂ ೨೦೦೫ರ ಏಪ್ರಿಲಿನಲ್ಲಿಯೂ ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ, ೪೧ ಕಿಲೋಮೀಟರು ಎತ್ತರದವರೆಗಿನ ಗಾಳಿಯನ್ನು ಶುದ್ಧೀಕರಿಸಿದ ಉಕ್ಕಿನ ಕೊಳವೆಗಳಲ್ಲಿ ತುಂಬಿ ತರಲಾಯಿತು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು ಈ ಕಾರ್ಯದ ಮಾರ್ಗದರ್ಶಕರಲ್ಲೊಬ್ಬರು. ಎರಡನೆಯ ಬಾರಿಯ ಮಾದರಿಗಳನ್ನು ಹೈದರಾಬಾದಿನ ಒಂದು ಪ್ರಯೋಗಾಲಯವೂ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರವೂ ಬೇರೆಬೇರೆಯಾಗಿ ಪರೀಕ್ಷಿಸಿದವು.

೨೦೦೯ರಲ್ಲಿ ಫಲವು ಪ್ರಕಟವಾಯಿತು: ೧೨ ಬ್ಯಾಕ್ಟೀರಿಯಾ, ೬ ಶಿಲೀಂಧ್ರ; ಅವುಗಳಲ್ಲಿ ಮೂರು ಬ್ಯಾಕ್ಟೀರಿಯಾಗಳು ಹೊಸ ಜಾತಿಯವು. ಒಂದಕ್ಕೆ ಹಾಯ್ಲರ ಹೆಸರನ್ನೂ ಒಂದಕ್ಕೆ ಇಸ್ರೋ ಸಂಸ್ಥೆಯ ಹೆಸರನ್ನೂ ಇಟ್ಟರು. ಮೂರನೆಯದಕ್ಕೆ ಆರ್ಯಭಟನ ಹೆಸರು ಬಂದಿತು. ಅದರಲ್ಲಿ ೧೯೭೫ರಲ್ಲಿ ಹಾರಿದ, ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡ ಭಾರತದ ಮೊದಲ ಉಪಗ್ರಹದ ನೆನಪೂ ಸೇರಿದೆ. ಈ ಜೀವಾಣುಗಳು ತಮ್ಮ ಭೂಬಂಧುಗಳಿಗಿಂತ ಅತಿನೇರಳೆ ಕಿರಣವನ್ನು ಹೆಚ್ಚಾಗಿ ತಡೆದವು. ಆದರೂ ಇವು ಭೂಮಿಯಾಚೆಯಿಂದ ಬಂದವೆಂದು ಇದರಿಂದ ಸಿದ್ಧವಾಗುವುದಿಲ್ಲವೆಂದು ಆ ಪ್ರಕಟಣೆಯೇ ಹೇಳಿತು. ಮುಂದೆ ಆರ್ಯಭಟನ ಹೆಸರಿನ ಜಾತಿಯ ಜೀವಾಣುಗಳು ನಮ್ಮ ನೆಲದ ಮಣ್ಣಿನಲ್ಲಿಯೂ ಗಿಡಗಳ ಬೇರಿನ ಬಳಿಯೂ ದೊರೆತವು. ಆ ಎಚ್ಚರಿಕೆಯ ಮಾತು ಸಾರ್ಥಕವಾಯಿತು.

೫

ಮೂರು ಪ್ರಸಂಗಗಳಲ್ಲಿಯೂ ನಿರ್ಣಯವು ಕೈಗೆ ಬರಲಿಲ್ಲ. ಆದರೆ ಮೂರರಲ್ಲಿಯೂ ಸುಳಿವನ್ನು ಸುಳಿವೆಂದೇ ಬರೆದಿಟ್ಟರು. ಅದನ್ನು ಅಲ್ಲಗಳೆಯಲು ಬೇಕಾದ ಸಾಮಗ್ರಿಯನ್ನೂ ಅದರೊಡನೆಯೇ ಕೊಟ್ಟರು. ತಪ್ಪಿದ ಲೆಕ್ಕವನ್ನು ಹರಿದುಹಾಕಿದವನಿಗೂ ತಿದ್ದಲು ಬರುವಂತೆ ಇಟ್ಟವನಿಗೂ ಇರುವ ಅಂತರ ಇದೇ. ಆದುದರಿಂದ ಜೇಕಬನನ್ನು ಮೊದಲ ಗ್ರಹಶೋಧಕನೆಂದು ಕರೆಯುವುದು ಅವನೇ ಒಪ್ಪದ ಗೌರವ. ಅವನನ್ನು ಸೋತವನೆಂದು ಬಿಡುವುದು ಅನ್ಯಾಯ. ಮೊದಲಿಗೆ ಪ್ರಶ್ನೆಯನ್ನು ಅಳತೆಯ ಭಾಷೆಯಲ್ಲಿ ಕೇಳಿದವನೆಂಬ ಸ್ಥಾನ ಅವನಿಗೆ ಸಲ್ಲುತ್ತದೆ.

ಅವನ ಮಾರ್ಗವಾದರೋ ವ್ಯರ್ಥವಾಗಲಿಲ್ಲ. ೨೦೧೩ರಲ್ಲಿ ಹಾರಿದ ಯುರೋಪಿನ ಗಯಾ ಉಪಗ್ರಹವು ಗಾಳಿಯೇ ಇಲ್ಲದೆಡೆಯಲ್ಲಿ ನಿಂತು, ೨೦೨೫ರ ಜನವರಿಯವರೆಗೆ ತಾರೆಗಳ ಸ್ಥಾನವನ್ನು ಅಳೆಯಿತು. ತಾರೆಯೊಂದರ ಸ್ಥಾನದ ಓಲಾಟದಿಂದ ಅದು ಸೂಚಿಸಿದ ಗ್ರಹವೊಂದು ಭೂಮಿಯ ದೂರದರ್ಶಕಗಳ ವೇಗಮಾಪನದಿಂದ ದೃಢಪಟ್ಟಿತೆಂದು ಅದೇ ೨೦೨೫ರಲ್ಲಿ ಪ್ರಕಟವಾಯಿತು. ಗುರುವಿನ ಸುಮಾರು ೧೨ ಪಟ್ಟು ತೂಕದ ಆ ಗ್ರಹವು ನಮ್ಮಿಂದ ೨೪೪ ಜ್ಯೋತಿರ್ವರ್ಷ ದೂರದಲ್ಲಿದೆ. ಜೇಕಬನ ಬರಹಕ್ಕೂ ಇದಕ್ಕೂ ನಡುವಣ ಅಂತರ ೧೭೦ ವರ್ಷ. ದಟ್ಟವಾದ ಗಾಳಿಯ ಮೇಲೆ ನಿಂತು ನೋಡಬೇಕೆಂದು ಅವನು ಪುಣೆಯ ಗಿರಿಯನ್ನು ಬಯಸಿದ್ದನು. ಗಿರಿಯ ಎತ್ತರ ಆ ಕಾರ್ಯಕ್ಕೆ ಸಾಲದಾಯಿತು, ದಿಕ್ಕು ಮಾತ್ರ ಸರಿಯಾಗಿಯೇ ಇದ್ದಿತು.